ಆರು ತಿಂಗಳು ದಾಟಿದ ಮಾಸ್ತರು

ಕೊರೋನಾ ಅಬ್ಬರ ಇಳಿದ ಮರುವರ್ಷ. ವಿಜಯಪುರದಲ್ಲಿ ಸರ್ಕಾರಿ ನೌಕರರ ವಿಮೆ ನೋಡಿಕೊಳ್ಳುವ ಕಚೇರಿಯೊಂದರಲ್ಲಿ ನಾನು ಸೂಪರಿಂಟೆಂಡೆಂಟ್. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಸತ್ತವರ ಕ್ಲೇಮುಗಳನ್ನು ವಿಲೇವಾರಿ ಮಾಡಿ ಮಾಡಿ ಸಾಕಾಗಿ, ಫೈಲಿನ ಮೇಲಿನ ಹೆಸರನ್ನೂ ಓದದ ಸ್ಥಿತಿಗೆ ಬಂದಿದ್ದೆ.

ವಿಮೆಯ ಹಣ ಸಾಮಾನ್ಯವಾಗಿ ನೌಕರ ತೀರಿಕೊಂಡ ಮೇಲೆ ಮನೆಯವರಿಗೆ ಸಿಗುತ್ತದೆ. ನಮ್ಮ ಗುಂಪು ವಿಮೆಯಲ್ಲಿ ಒಂದು ವಿನಾಯಿತಿ ಇತ್ತು. ಕಾಯಿಲೆ ವಾಸಿಯಾಗುವಂಥದ್ದಲ್ಲ, ಆರು ತಿಂಗಳೊಳಗೆ ಸಾವಿನ ಸಂಭವವಿದೆ ಎಂದು ಇಬ್ಬರು ತಜ್ಞ ವೈದ್ಯರು ಬರೆದುಕೊಟ್ಟರೆ ಅರ್ಧ ಹಣವನ್ನು ಬದುಕಿರುವಾಗಲೇ ಕೊಡಬಹುದು. ಆ ಮಾತಿನ ಕೆಳಗೆ ನೌಕರನೇ ಸಹಿ ಹಾಕಬೇಕು.

ತಿಕೋಟಾದ ಪ್ರಾಥಮಿಕ ಶಾಲೆಯ ಮಹಿಬೂಬ ಮಾಸ್ತರು ಸಹಿಗೆ ತಾವೇ ಬಂದರು. ಶ್ವಾಸಕೋಶದ ಕ್ಯಾನ್ಸರ್. ಮೆಟ್ಟಿಲು ಹತ್ತಿದ ದಣಿವಿಗೆ ಐದು ನಿಮಿಷ ಏದುಸಿರು ಬಿಟ್ಟರು. ಆಮೇಲೆ ಅರ್ಜಿ ಓದಿ, "ಸಂಬವ ಅಲ್ರಿ ಸಾಹೇಬ್ರ, ಸಂಭವ. ‘ಬ’ದ ಹೊಟ್ಟಿ ಸೀಳಬೇಕು" ಎಂದು ತಿದ್ದಿ ಸಹಿ ಹಾಕಿದರು. ಹಣ ಮಂಜೂರಾಯಿತು. ಸೋಲಾಪುರದಲ್ಲಿ ಚಿಕಿತ್ಸೆ ಶುರುವಾಯಿತು.

ಸಹಿಯಾದ ಒಂಬತ್ತನೆಯ ತಿಂಗಳು ಆಡಿಟ್ ಟಿಪ್ಪಣಿ ಬಂತು: 'ಅವಧಿ ಮೀರಿದರೂ ಸದರಿ ನೌಕರರು ಜೀವಂತವಿರುವ ಬಗ್ಗೆ ಸ್ಥಳ ಪರಿಶೀಲಿಸಿ ವಿವರಣೆ ಸಲ್ಲಿಸತಕ್ಕದ್ದು.' ಎರಡು ಸಲ ಓದಿದೆ. ಸಿಟ್ಟು ಮಾಡಿಕೊಳ್ಳಲೂ ತ್ರಾಣವಿರಲಿಲ್ಲ. ತಿಕೋಟಾ ಬಸ್ಸು ಹತ್ತಿದೆ.

ನಡುಮಧ್ಯಾಹ್ನವೂ ಬಾಗಿಲು ಮುಚ್ಚಿತ್ತು. ತೆರೆದ ಮಾಸ್ತರರ ಹೆಂಡತಿ ಹಸೀನಾ ನನ್ನ ಕೈಯ ಫೈಲು ನೋಡಿ ನಿಂತೇಬಿಟ್ಟರು.

"ರೊಕ್ಕ ತಿರುಗಿ ಕೇಳಾಕ ಬಂದೀರೇನ್ರಿ?"

ಒಳಗೆ ಮಾಸ್ತರು ಮಂಚದಿಂದೇಳಲು ಹೆಣಗುತ್ತಿದ್ದರು. "ಸಾಹೇಬ್ರ, ಆರು ತಿಂಗಳಂತ ಸಹಿ ಮಾಡಿದ್ದೆ. ಮಾತು ತಪ್ಪೇನಿ. ಎಲ್ಲಾ ದವಾಖಾನಿಗೆ ಹೋತ್ರಿ. ಮನಿ ಮಾರಿ ಕೊಡ್ತೀನಿ."

"ಹಂಗಂತ ಯಾರು ಹೇಳ್ಯಾರ್ರಿ ನಿಮಗ?"

"ಯಾರೂ ಹೇಳಿಲ್ರಿ," ಹಸೀನಾ ಅಂದರು. "ಸಾಯೋ ರೊಕ್ಕ ತಗೊಂಡು ಅಡ್ಡಾಡ್ತಾನ ಅಂತ ಮಂದಿ ಅಂದಾರಂತ ಮೂರು ತಿಂಗಳಾತು, ಹೊಸ್ತಿಲಾ ದಾಟಿಲ್ಲ. ಶುಕ್ರವಾರದ ನಮಾಜಿಗೂ ಹೋಗವಲ್ರು."

ಅಂದು ನನ್ನ ಮೇಜಿನ ಮುಂದೆ ಅವರಿಗೆ ಎಲ್ಲ ನಿಯಮ ವಿವರಿಸಿದ್ದೆ. ಬದುಕಿ ಉಳಿದರೆ ಏನು ಎಂಬುದೊಂದನ್ನು ಹೇಳಿರಲಿಲ್ಲ. ಅದು ಹೊಳೆಯದಷ್ಟು ದಣಿದಿದ್ದೆ.

ಅಲ್ಲೇ ಕೂತು ಉತ್ತರ ಬರೆದು ಗಟ್ಟಿಯಾಗಿ ಓದಿದೆ: 'ನಿಯಮ ಕೇಳುವುದು ವೈದ್ಯರ ಅಂದಾಜನ್ನು. ಅದು ತಪ್ಪಿದರೆ ನೌಕರರು ಹೊಣೆಯಲ್ಲ. ಹಣ ಹಿಂದಿರುಗಿಸುವ ಪ್ರಶ್ನೆಯೇ ಬರುವುದಿಲ್ಲ.'

"ಇನ್ನೊಮ್ಮೆ ಓದ್ರಿ," ಎಂದರು ಮಾಸ್ತರು. ಓದಿದೆ. ಹೆಂಡತಿಯ ಕಡೆ ತಿರುಗಿದರು: "ನನ್ನ ಚಪ್ಲಿ ಎಲ್ಲಿ ಇಟ್ಟಿ?"

ಬಸ್ ನಿಲ್ದಾಣದವರೆಗೂ ಬಂದರು. ದಾರಿಯಲ್ಲಿ ಎರಡು ಕಡೆ ಕೂತು ಸುಧಾರಿಸಿಕೊಂಡರು.

ಆಡಿಟ್‌ನವರು ಆಕ್ಷೇಪಣೆ ಕೈಬಿಟ್ಟರು. ಮಾಸ್ತರು ಇನ್ನೂ ಏಳು ತಿಂಗಳು ಬದುಕಿದ್ದರು. ಉಳಿದರ್ಧ ಹಣ ಹಸೀನಾರಿಗೆ ಸಂದಾಯವಾಯಿತು.

ಅರ್ಜಿಯಲ್ಲಿ ಅಚ್ಚಾಗದ್ದನ್ನು ಬಾಯಿಬಿಟ್ಟು ಹೇಳುವುದೂ ನೌಕರಿಯ ಭಾಗವೆಂದು ಮೂವತ್ತು ವರ್ಷದ ಸೇವೆಯ ಕೊನೆಗೆ ಕಲಿತೆ. ನಿವೃತ್ತಿಗೆ ಮುಂಚೆ ಬಬಲೇಶ್ವರದ ನರ್ಸ್ ಒಬ್ಬರು ಅದೇ ಅರ್ಜಿ ಹಿಡಿದು ಬಂದರು. ಪೆನ್ನು ಕೊಡುವ ಮೊದಲೇ ಹೇಳಿದೆ: "ಅಕ್ಕಾರ, ಆರು ತಿಂಗಳ ಮ್ಯಾಲ ಇದ್ರೂ ಏನೂ ತಿರುಗಿ ಕೊಡೂದಿಲ್ರಿ. ಎಷ್ಟು ವರ್ಷ ಬೇಕಾದ್ರೂ ಇರ್ರಿ."

ಅಷ್ಟು ಹೊತ್ತು ತಲೆ ತಗ್ಗಿಸಿ ಕೂತಿದ್ದ ಆಕೆ ನಕ್ಕುಬಿಟ್ಟರು.