ಇಪ್ಪತ್ತಾರು ಮೆಟ್ಟಿಲು, ಒಂದು ಮೆಮೊ

ನೌಕರಿಗೆ ಸೇರುವ ಮೊದಲು ಆಸ್ಪತ್ರೆಯ ಸರ್ಜನರು ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: "ಮೆಟ್ಟಲಾ ಹತ್ತತೀರೇನು?"

"ಹತ್ತತೀನ್ರಿ" ಎಂದೆ.

ಹೇಗೆ ಎಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಮೂರು ವರ್ಷದವಳಿದ್ದಾಗ ಬಂದ ಪೋಲಿಯೊ ನನ್ನ ಎಡಗಾಲನ್ನು ಬತ್ತಿಸಿತ್ತು. ಕಬ್ಬಿಣದ ಪಟ್ಟಿ ಕಟ್ಟಿದ ಬೂಟು ಮತ್ತು ಒಂದು ಊರುಗೋಲಿನ ಆಧಾರದಿಂದ ಸಮನೆಲದ ಮೇಲೆ ಯಾರ ನೆರವೂ ಇಲ್ಲದೆ ನಡೆಯುತ್ತಿದ್ದೆ. ಸರ್ಜನರು ನನ್ನನ್ನು ಅರ್ಹಳೆಂದು ಬರೆದು, ಕೆಳಗೆ 'ಮೆಟ್ಟಿಲು ಹತ್ತಬಲ್ಲರು' ಎಂದು ಸೇರಿಸಿ ಸಹಿ ಹಾಕಿದರು. ಆ ಎರಡು ಪದಗಳ ಭಯದಲ್ಲಿ ನಾನು ಪ್ರೊಬೇಷನ್ನಿನ ಅವಧಿಯನ್ನು ಕಳೆದೆ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಅಂಗವಿಕಲರಿಗೆಂದು ಮೀಸಲಿಟ್ಟ ಜಾಗದಲ್ಲಿ ನನಗೆ ಬೆಳಗಾವಿಯ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತೆಯ ಕೆಲಸ ಸಿಕ್ಕಿತು. ಇಲಾಖೆಯ ಹೆಸರು ಇಲ್ಲಿ ಬೇಡ. ಕಚೇರಿ ಬ್ರಿಟಿಷರ ಕಾಲದ ಕಲ್ಲುಕಟ್ಟಡದ ಮೇಲಂತಸ್ತಿನಲ್ಲಿತ್ತು. ಇಪ್ಪತ್ತಾರು ಮೆಟ್ಟಿಲು, ನಡುವೆ ಒಂದು ತಿರುವು, ಹಿಡಿಯಲು ಕಟಾಂಜನವಿಲ್ಲ. ಮೊದಲ ದಿನ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದ ಹೆಡ್ ಕ್ಲಾರ್ಕರು, ನನಗೆ ಕೇಳಿಸುವಷ್ಟು ಗಟ್ಟಿಯಾಗಿ ಪಕ್ಕದವರಿಗೆ ಹೇಳಿದರು: "ಸರಕಾರ ಕೋಟಾ ಕೊಟ್ಟದ. ಕಾಲು ಯಾರು ಕೊಡಬೇಕು?" ಅಂದು ನಕ್ಕವರು ನಾಲ್ವರು. ಅವರ ಮುಖಗಳು ಇಂದಿಗೂ ನನಗೆ ನೆನಪಿವೆ.

ನನ್ನ ಮನೆ ಖಾನಾಪುರದಲ್ಲಿ. ಬೆಳಗಿನ ಪ್ಯಾಸೆಂಜರ್ ಹಿಡಿದು, ಸ್ಟೇಷನ್ನಿನಿಂದ ಟಾಂಗಾದಲ್ಲಿ ಬಂದು, ಒಂಬತ್ತು ಗಂಟೆಗೆಲ್ಲ ಕಚೇರಿಯ ಬಾಗಿಲಲ್ಲಿರುತ್ತಿದ್ದೆ. ಉಳಿದವರು ಬರುವುದು ಹತ್ತಕ್ಕೆ. ಆ ಒಂದು ತಾಸು ನನಗೆ ಬೇಕಿತ್ತು. ಮೊದಲ ಮೆಟ್ಟಿಲಿಗೆ ಬೆನ್ನು ಮಾಡಿ ಕುಳಿತು, ಎರಡೂ ಅಂಗೈಗಳನ್ನು ಹಿಂದಿನ ಮೆಟ್ಟಿಲ ಮೇಲೆ ಊರಿ, ಬಲಗಾಲಿನಿಂದ ಒದ್ದು ಮೈಯನ್ನು ಎತ್ತುತ್ತಿದ್ದೆ. ಎಡಗಾಲು ಕಬ್ಬಿಣದ ಸದ್ದು ಮಾಡುತ್ತ ಹಿಂದೆ ಬರುತ್ತಿತ್ತು. ಊರುಗೋಲನ್ನು ಪಕ್ಕದಲ್ಲೇ ಮೇಲಕ್ಕೆ ಸರಿಸಿಕೊಳ್ಳುತ್ತಿದ್ದೆ. ಮೇಲೆ ತಲುಪಿದ ಮೇಲೆ ಎದ್ದು ಸೀರೆ ಕೊಡವಿ, ಕೈ ತೊಳೆದು, ಹಾಜರಿಯ ಮಸ್ಟರಿನಲ್ಲಿ ಸಹಿ ಮಾಡಿ ಮೇಜಿಗೆ ಕುಳಿತರೆ ಮುಗಿಯಿತು. ಸಂಜೆ ಕೊನೆಯ ಮನುಷ್ಯ ಹೋಗುವ ತನಕ ಫೈಲು ತಿರುವುತ್ತ ಕುಳಿತಿದ್ದು, ಆಮೇಲೆ ಹಾಗೆಯೇ ಇಳಿಯುತ್ತಿದ್ದೆ. ಮಧ್ಯಾಹ್ನ ನೀರು ಕುಡಿಯುತ್ತಿರಲಿಲ್ಲ. ಶೌಚಾಲಯ ಕೆಳಗಿತ್ತು.

ಇದನ್ನು ಬಲ್ಲವರು ಇಬ್ಬರು. ಒಬ್ಬರು ಬಾಗಿಲು ತೆಗೆಯುವ ಮರಾಠಿ ಮಾತಿನ ಹಿರಿಯ ಶಿಪಾಯಿ. ನಾನು ಅವರನ್ನು ಕಾಕಾ ಎನ್ನುತ್ತಿದ್ದೆ. ನಾನು ಹತ್ತುವಾಗ ಅವರು ಬಾಗಿಲಿಗೆ ಬೆನ್ನು ಕೊಟ್ಟು ನಿಲ್ಲುತ್ತಿದ್ದರು, ಯಾರಾದರೂ ಬಂದರೆ ಕೆಮ್ಮುತ್ತಿದ್ದರು. "ಸಾವಕಾಶ ಬಾಯಿ, ಸಾವಕಾಶ. ಗಡಬಡ ಮಾಡಬ್ಯಾಡ್ರಿ" ಎನ್ನುತ್ತಿದ್ದರು. ಇನ್ನೊಬ್ಬರು ನನ್ನ ಅವ್ವ. ನಾನು ಅವಳಿಗೆ ಹೇಳಿರಲಿಲ್ಲ. ಒಂದು ರವಿವಾರ ಒಗೆದ ಸೀರೆಯನ್ನು ಬೆಳಕಿಗೆ ಹಿಡಿದು ಕೇಳಿದಳು: "ಸೀರಿ ಹಿಂದಿನ ಕಡಿಗಷ್ಟ ಯಾಕ ಹಿಂಗ ಸವದೈತಿ?"

ನಾನು ಸೀರೆ ತೆಗೆದುಕೊಂಡು ಮಡಚಿಟ್ಟೆ. ಸಂಜೆಯೊಳಗೆ ಅವಳು ನನ್ನ ಎಲ್ಲ ಲಂಗಗಳಿಗೂ ಹಿಂದೆ ದಪ್ಪ ಖಾದಿಯ ತುಂಡು ಹೊಲಿದಿಟ್ಟಿದ್ದಳು.

ಕೆಳಗೆ ಮೇಜು ಕೊಡಿ ಎಂದು ನಾನು ಏಕೆ ಕೇಳಲಿಲ್ಲ ಎಂದು ಈಗಿನವರು ಆಶ್ಚರ್ಯಪಡಬಹುದು. ನನ್ನದು ಆವಕ-ಜಾವಕದ ಕೆಲಸ. ಕಚೇರಿಗೆ ಬರುವ ಕಾಗದಕ್ಕೂ ಕಚೇರಿಯಿಂದ ಹೋಗುವ ಕಾಗದಕ್ಕೂ ನಂಬರು ಕೊಟ್ಟು ದಾಖಲಿಸುವುದು. ಅರ್ಜಿ ಹಿಡಿದು ಬರುವ ಮುದುಕರೂ ನನ್ನ ಮೇಜಿಗಾಗಿಯೇ ಆ ಇಪ್ಪತ್ತಾರು ಮೆಟ್ಟಿಲು ಹತ್ತುತ್ತಿದ್ದರು. ಕೆಳಗೆ ಖಾಲಿ ಕೋಣೆಯೊಂದಿತ್ತು. ಆದರೆ ಕೇಳಿದರೆ, ಹತ್ತಲಾರೆ ಎಂದು ನಾನೇ ಬರೆದುಕೊಟ್ಟಂತೆ. ಪ್ರಮಾಣಪತ್ರ ಸುಳ್ಳಾಗುತ್ತಿತ್ತು. ಪ್ರೊಬೇಷನ್ನಿನಲ್ಲಿದ್ದವರನ್ನು ತೆಗೆಯಲು ಒಂದು ಸಾಲಿನ ಆದೇಶ ಸಾಕಿತ್ತು.

ಆಷಾಢದ ಒಂದು ಬೆಳಿಗ್ಗೆ ಕಾಕಾ ಕುಡಿಯುವ ನೀರು ತರಲು ಹೋಗಿದ್ದರು. ಬೆಳಗಾವಿಯ ಜಿಟಿಜಿಟಿ ಮಳೆಗೆ ಕಲ್ಲು ಜಾರುತ್ತಿತ್ತು. ನಾನು ಹನ್ನೊಂದನೆಯ ಮೆಟ್ಟಿಲಿನಲ್ಲಿದ್ದೆ. ಹಿಂದು ಮುಂದಾಗಿ ಹತ್ತುವವರ ಮುಖ ಸದಾ ಕೆಳಗಿರುತ್ತದೆ. ಆದ್ದರಿಂದ ಬಾಗಿಲಲ್ಲಿ ಕೊಡೆ ಮಡಚುತ್ತಿದ್ದ ಹೆಡ್ ಕ್ಲಾರ್ಕರು ನನ್ನನ್ನು ಕಂಡದ್ದೂ ನಾನು ಅವರನ್ನು ಕಂಡದ್ದೂ ಒಂದೇ ಕ್ಷಣದಲ್ಲಿ. ತಪಾಸಣೆಯ ಕಾಗದ ಸಿದ್ಧಪಡಿಸಲೆಂದು ಬೇಗ ಬಂದಿದ್ದರಂತೆ. ಅವರು ನನ್ನ ಊರುಗೋಲನ್ನು ದಾಟಿ, ಪಂಚೆ ತಾಗದಂತೆ ಎತ್ತಿ ಹಿಡಿದು, ಪಕ್ಕದಿಂದ ಮೇಲೆ ಹೋದರು.

ಆರು ದಿನ ಏನೂ ಆಗಲಿಲ್ಲ. ಅವು ನನ್ನ ನೌಕರಿಯ ಅತಿ ಕೆಟ್ಟ ದಿನಗಳು. ಸಾಹೇಬರ ಕೋಣೆಯ ಗಂಟೆ ಬಾರಿಸಿದರೆ ಕೈಯ ಲೇಖನಿ ನಿಲ್ಲುತ್ತಿತ್ತು. ಏಳನೆಯ ದಿನ ಹೆಡ್ ಕ್ಲಾರ್ಕರು ಒಂದು ಕಾಗದವನ್ನು ಜಾವಕದ ತಟ್ಟೆಯಲ್ಲಿಟ್ಟು, "ನಂಬರ್ ಹಾಕ್ರಿ ಬಾಯಾರ, ಇವತ್ತ ಮುಟ್ಟಬೇಕು" ಎಂದರು.

ಅದು ನನ್ನ ಹೆಸರಿಗೇ ಇದ್ದ, ಸಾಹೇಬರು ಸಹಿ ಮಾಡಿದ ಮೆಮೊ. 'ತಾವು ಕಚೇರಿಯ ಮೆಟ್ಟಿಲುಗಳ ಮೇಲೆ ಕುಳಿತು, ಮಹಿಳಾ ನೌಕರರಿಗೆ ಶೋಭಿಸದ ರೀತಿಯಲ್ಲಿ ಚಲಿಸುತ್ತಿದ್ದುದು ಕಂಡುಬಂದಿದೆ. ಇದು ತಮ್ಮ ವೈದ್ಯಕೀಯ ಪ್ರಮಾಣಪತ್ರಕ್ಕೆ ಹೊಂದುವುದಿಲ್ಲ. ಮೂರು ದಿನಗಳೊಳಗೆ ಸಮಜಾಯಿಷಿ ನೀಡತಕ್ಕದ್ದು.' ನಾನೇ ಅದಕ್ಕೆ ನಂಬರು ಕೊಟ್ಟೆ, ನಾನೇ ವಿಷಯದ ಕಾಲಮಿನಲ್ಲಿ 'ಅಶಿಸ್ತು' ಎಂದು ಬರೆದೆ, ಕೊನೆಗೆ ಮುಟ್ಟಿದ್ದಕ್ಕೆ ನಾನೇ ಸಹಿ ಮಾಡಿದೆ. ಹೆಡ್ ಕ್ಲಾರ್ಕರು ಕನ್ನಡಕದ ಮೇಲಿಂದ ನೋಡುತ್ತಿದ್ದರು.

ಮನೆಯಲ್ಲಿ ಸಮಜಾಯಿಷಿ ಬರೆಯಲು ಕುಳಿತೆ. ಒಂದೂ ದಿನ ತಡವಾಗಿ ಬಂದಿಲ್ಲ, ಒಂದೂ ಕಾಗದ ಬಾಕಿ ಉಳಿಸಿಲ್ಲ, ಮೆಟ್ಟಿಲನ್ನು ಕಾಲಿನಿಂದಲೇ ಹತ್ತಬೇಕೆಂಬ ನಿಯಮವನ್ನು ತೋರಿಸಿದರೆ ಉತ್ತರಿಸುತ್ತೇನೆ ಎಂದು ಬರೆದೆ. ಕೊನೆಗೆ, ನನ್ನ ಮೇಜನ್ನು ಕೆಳಗಿನ ಖಾಲಿ ಕೋಣೆಗೆ ಹಾಕಿಸಬೇಕು ಎಂಬ ಸಾಲೂ ಬಂತು. ಅವ್ವ ಓದಿಸಿ ಕೇಳಿ ಹೆದರಿದಳು.

"ಅದೊಂದ ತೆಗಿ ಮಗಳ. ಕೆಳಗ ಕುಂದರಸ್ರಿ ಅಂದ್ರ, ಮನಿಯಾಗ ಕುಂದರಸ್ತಾರ."

ನನಗೂ ಅದೇ ಭಯ. ಆ ಸಾಲನ್ನು ಬಿಟ್ಟು ಪ್ರತಿ ಮಾಡಿದೆ. ಮರುದಿನ ರೈಲಿನಲ್ಲಿ ಕುಳಿತಾಗ ನಾಲ್ವರ ನಗು ನೆನಪಾಯಿತು, ಪಂಚೆ ಎತ್ತಿ ಹಿಡಿದ ಕೈ ನೆನಪಾಯಿತು. ಮೊಣಕಾಲ ಮೇಲೆ ಕಾಗದವಿಟ್ಟು, ಸಹಿಯ ಮೇಲಿನ ಕಿರಿದಾದ ಜಾಗದಲ್ಲಿ ಆ ಸಾಲನ್ನು ಮತ್ತೆ ಸೇರಿಸಿದೆ. ಬೋಗಿಯ ಕುಲುಕಾಟಕ್ಕೆ ಅಕ್ಷರಗಳು ಸೊಟ್ಟಗಾದವು.

ಸಾಹೇಬರು ಮೈಸೂರಿನ ಕಡೆಯವರು, ಮಿತಭಾಷಿ. ಮಧ್ಯಾಹ್ನ ಕರೆಸಿ, ನನ್ನ ಉತ್ತರವನ್ನು ಎರಡು ಸಲ ಓದಿ ಹೇಳಿದರು: "ಹತ್ತಿ ತೋರಿಸಿ."

ಎಲ್ಲರ ಎದುರಿಗೆ. ನಾನು ಇಳಿದೆ, ಕೆಳಗೆ ಕುಳಿತೆ. ಹೆಡ್ ಕ್ಲಾರ್ಕರೂ ಸಿಬ್ಬಂದಿಯೂ ಕೆಳಗಿನ ಬಾಗಿಲ ಬಳಿ ಸೇರಿದರು, ಸಾಹೇಬರು ಅವರ ಮುಂದೆ ನಿಂತರು. ನಾನು ಹತ್ತುತ್ತ ಹೋದಂತೆ, ತಿರುವು ಬರುವ ತನಕ, ನೋಡುವವರೆಲ್ಲ ನನ್ನ ಕಣ್ಣಿಗೆ ಎದುರಾಗಿಯೇ ಇದ್ದರು. ಯಾರೂ ನಗಲಿಲ್ಲ. ಒಂಬತ್ತನೆಯದರಲ್ಲಿ ಅಂಗೈ ಜಾರಿ ಸೊಂಟ ಕಲ್ಲಿಗೆ ಬಡಿಯಿತು. ಕಾಕಾ ಎರಡು ಹೆಜ್ಜೆ ಮುಂದೆ ಬಂದರು. "ಬ್ಯಾಡ ಕಾಕಾ" ಎಂದೆ. ಮುಟ್ಟಿದರೆ, ಸ್ವಂತ ಬಲದಿಂದ ಹತ್ತಲಿಲ್ಲ ಎಂದು ಬರೆಯುತ್ತಾರೆಂಬ ಹೆದರಿಕೆ ನನಗೆ. ಇಪ್ಪತ್ತಾರೂ ಮುಗಿದಾಗ ರವಿಕೆ ಬೆನ್ನಿಗೆ ಅಂಟಿಕೊಂಡಿತ್ತು.

ಸಾಹೇಬರು ಮೇಲೆ ಬಂದರು. "ಮೊದಲೇ ಯಾಕೆ ಹೇಳಲಿಲ್ಲ?"

"ಹೇಳಿದ್ರ ತೆಗದ ಹಾಕ್ತಿದ್ರಿ."

ಅವರು ಹೆಡ್ ಕ್ಲಾರ್ಕರ ಕಡೆ ತಿರುಗಿ, "ಇವರ ಮೇಜು, ರಿಜಿಸ್ಟರು ಎಲ್ಲ ಸೋಮವಾರದೊಳಗೆ ಕೆಳಗಿರಬೇಕು. ಮಸ್ಟರನ್ನೂ ಬೆಳಿಗ್ಗೆ ಅಲ್ಲಿಗೇ ಕಳಿಸಿ" ಎಂದರು.

"ಮಸ್ಟರ್ ಕೆಳಗ ಇಳಿಯೋ ರೂಢಿ ಇಲ್ರೀ ಸಾಹೇಬ್ರ."

"ಈಗ ಇಳಿಯುತ್ತೆ."

ಕಾಕಾ ಮೇಜನ್ನು ಹೊತ್ತು ತಂದರು. ಸೋಮವಾರ ಮೊದಲು ಬಂದವರು ಶಹಾಪುರದ ಮುದುಕ ನೇಕಾರರೊಬ್ಬರು. ರೂಢಿಯಂತೆ ಮೆಟ್ಟಿಲ ಕಡೆ ಹೋದವರು ನನ್ನನ್ನು ಕಂಡು ನಿಂತು, "ಅಯ್ಯ, ಇಲ್ಲೇ ಅದೀರೇನವಾ? ಈ ಟೇಬಲ್ ಮದಲ ಇಲ್ಲೇ ಇಡಾಕ ಏನ್ ಧಾಡಿ ಆಗಿತ್ತು ಇವರಿಗೆ?" ಎಂದು ಅರ್ಜಿ ಚಾಚಿದರು. ನಾನು ಶಿಕ್ಕಾ ಒತ್ತಿದೆ.

ಸಾಹೇಬರು ಮೆಮೊವನ್ನು ಹಿಂತೆಗೆದುಕೊಳ್ಳಲಿಲ್ಲ. ನಾನು ಮೂರು ಸಲ ಲಿಖಿತವಾಗಿ ಕೇಳಿದೆ. ಫೈಲಿನಿಂದ ಕಾಗದ ತೆಗೆಯಲು ಅವಕಾಶವಿಲ್ಲ ಎಂಬ ಉತ್ತರ ಮೂರನೆಯ ಸಲ ಬಂತು. ಮುಂದಿನ ಚೈತ್ರದಲ್ಲಿ ನನ್ನನ್ನು ಕಾಯಂ ಮಾಡಿದರು. ಅಷ್ಟರೊಳಗೆ ಆ ಸಾಹೇಬರಿಗೆ ವರ್ಗವಾಗಿತ್ತು. ಹೊಸಬರು ಬಂದರು, ಅವರ ನಂತರ ಇನ್ನೊಬ್ಬರು. ಎಂಬತ್ತರ ದಶಕದ ನಡುವೆ ಖಾನಾಪುರಕ್ಕೆ ವರ್ಗವಾಗುವ ತನಕ ನಾನು ಆ ಕೆಳಗಿನ ಕೋಣೆಯಲ್ಲೇ ಕುಳಿತೆ. ಆದರೆ ಅಲ್ಲಿ ಒಂದು ದಿನವೂ ಮೆಟ್ಟಿಲಿಗೆ ಬೆನ್ನು ಮಾಡಿ ಕೂರಲಿಲ್ಲ. ಮೇಜನ್ನು ಬಾಗಿಲಿಗೆ ಎದುರಾಗಿ ಹಾಕಿಸಿಕೊಂಡಿದ್ದೆ. ಮೇಲಿನಿಂದ ಚಪ್ಪಲಿಯ ಸದ್ದು ಇಳಿದು ಬಂದರೆ, ಬರುತ್ತಿರುವವರ ಕೈಯಲ್ಲಿ ನನ್ನ ಹೆಸರಿನ ಇನ್ನೊಂದು ಕಾಗದವಿದೆಯೇ ಎಂದು ಮೊದಲು ನೋಡುತ್ತಿದ್ದೆ.