ಚೀನಾ ಮೇಷ್ಟ್ರ ಖಾಲಿ ಪತ್ರಿಕೆ

1977ರ ಏಪ್ರಿಲ್, ಎಸ್ಸೆಸ್ಸೆಲ್ಸಿಯ ಸೋಷಿಯಲ್ ಸ್ಟಡೀಸ್ ಪರೀಕ್ಷೆಯ ದಿನ. ಜಯನಗರದ ನಮ್ಮ ಹೈಸ್ಕೂಲಿನ ಮಹಡಿಯ ಕೊನೆಯ ಕೊಠಡಿಯಲ್ಲಿ, ಬಾಗಿಲಿನಿಂದ ಎರಡನೆಯ ಕಿಟಕಿಯ ಪಕ್ಕ ನಾನು ನಿಂತಿದ್ದೆ. ಹನ್ನೊಂದೂವರೆಯಾಗಿತ್ತು. ಮುಗಿಯಲು ಇನ್ನೂ ಒಂದು ಗಂಟೆ ಇತ್ತು. ಕಿಟಕಿಯಿಂದ ಕೆಳಗೆ ನೋಡಿದರೆ ಗೇಟಿನ ಹೊರಗೆ ಚರಿತ್ರೆ ಮೇಷ್ಟ್ರು ಕಾಣುತ್ತಿದ್ದರು. ಗೇಟಿನ ಸರಳನ್ನು ಬಲಗೈಯಲ್ಲಿ ಹಿಡಿದಿದ್ದರು. ಉಂಗುರದ ಬೆರಳೊಂದು ಮಾತ್ರ ಸರಳನ್ನು ಸುತ್ತದೆ ಹೊರಗೆ ಚಾಚಿಕೊಂಡಿತ್ತು. ಡೊಂಕಾದ ಆ ಬೆರಳು ಮಡಚುತ್ತಿರಲಿಲ್ಲ. ಅವರು ಚಿಕ್ಕವರಿದ್ದಾಗ ಪರೀಕ್ಷೆಯಲ್ಲಿ ಫೇಲಾದದ್ದಕ್ಕೆ ಊರಿನ ಹೆಡ್ಮಾಸ್ಟರು ರೂಲುದೊಣ್ಣೆಯಿಂದ ಮುರಿದ ಬೆರಳು ಅದು.

ಅವರದೇ ವಿಷಯವಾದ್ದರಿಂದ ಅಂದು ಅವರಿಗೆ ಒಳಗೆ ಪ್ರವೇಶವಿರಲಿಲ್ಲ. ನಾನು ಗಣಿತದವನು, ಕೆಲಸಕ್ಕೆ ಸೇರಿ ಎರಡು ವರ್ಷವಾಗಿತ್ತು, ಆದ್ದರಿಂದ ಕೊಠಡಿ ಕಾಯುವ ಕೆಲಸ ನನಗೆ ಬಂದಿತ್ತು.

ಸ್ಟಾಫ್ ರೂಮಿನಲ್ಲಿ ಅವರಿಗೆ ಚೀನಾ ಮೇಷ್ಟ್ರು ಎಂದು ಹೆಸರು. ನಾಲ್ಕನೇ ಬ್ಲಾಕಿನ ರದ್ದಿ ಅಂಗಡಿಯಲ್ಲಿ ಹಳೆಯ ಚೀನೀ ಪತ್ರಿಕೆಗಳು ಸಿಕ್ಕಿದರೆ ಅವರಿಗಾಗಿ ತೆಗೆದಿಡುತ್ತಿದ್ದರು. ಇಂಗ್ಲಿಷಿನವು, ಎರಡು ಮೂರು ವರ್ಷ ಹಿಂದಿನವು. ಅವರು ಊಟದ ಡಬ್ಬಿಯನ್ನು ಪಕ್ಕಕ್ಕೆ ಸರಿಸಿ ಓದುತ್ತಿದ್ದರು. ಚಿತ್ರಗಳನ್ನಲ್ಲ, ಶಾಲೆಗಳ ಬಗ್ಗೆ ಬಂದದ್ದನ್ನು. ಓದಿದ್ದನ್ನು ಯಾರಿಗಾದರೂ ಹೇಳದೆ ಅವರಿಗೆ ಅನ್ನ ಇಳಿಯುತ್ತಿರಲಿಲ್ಲ.

"ನೋಡ್ರೀ, ಸಾವಿರದ ಮುನ್ನೂರು ವರ್ಷ ಆ ದೇಶದಲ್ಲಿ ಪರೀಕ್ಷೆಯದೇ ದರ್ಬಾರು. ಗೂಡಿನಂಥ ಕೋಣೇಲಿ ಮೂರು ದಿನ ಕೂಡಿ ಹಾಕೋರು. ಹಾಸಿಗೆ, ಊಟ ಎಲ್ಲ ಒಳಗೇ. ಹಳೇ ಗ್ರಂಥ ಬಾಯಿಪಾಠ ಮಾಡಿ ಕಕ್ಕಿದವನು ಅಧಿಕಾರಿ. ಈ ಶತಮಾನದ ಶುರುವಲ್ಲಿ ಅದನ್ನ ಕಿತ್ತು ಹಾಕಿದ್ರು. ಈಗಂತೂ ಪುಸ್ತಕ ತೆರೆದಿಟ್ಟು ಬರೀಬಹುದಂತೆ. ಅರ್ಧ ದಿನ ಓದು, ಅರ್ಧ ದಿನ ಹೊಲದ ಕೆಲಸ."

"ಅರ್ಧ ದಿನ ಹೊಲದ ಕೆಲಸ ಅಂದ್ರೆ ನಮ್ಮ ಪಿ.ಟಿ. ಮಾಸ್ಟರಿಗೆ ಪ್ರಮೋಷನ್ನು," ಎಂದು ಡ್ರಾಯಿಂಗ್ ಮೇಷ್ಟ್ರು ಛೇಡಿಸುತ್ತಿದ್ದರು. ಇವರೂ ನಗುತ್ತಿದ್ದರು.

ಅವರು ತರಗತಿಯಲ್ಲಿ ಒಂದು ಕಥೆ ಹೇಳುತ್ತಿದ್ದರು. ಚೀನಾದಲ್ಲಿ ಹೊಲದಲ್ಲಿ ದುಡಿಯುತ್ತಿದ್ದ ಯುವಕನೊಬ್ಬ ಕಾಲೇಜಿನ ಪ್ರವೇಶ ಪರೀಕ್ಷೆಯಲ್ಲಿ ಉತ್ತರ ತಿಳಿಯದೆ, ದುಡಿಮೆಯಿಂದಾಗಿ ಓದಲಾಗಲಿಲ್ಲವೆಂದು ಉತ್ತರ ಪತ್ರಿಕೆಯ ಹಿಂಬದಿಯಲ್ಲಿ ಕಾಗದ ಬರೆದಿಟ್ಟನಂತೆ. ಅವನನ್ನು ಫೇಲು ಮಾಡಲಿಲ್ಲ. ಕಾಗದವನ್ನು ದೇಶವೆಲ್ಲ ಓದುವ ಹಾಗೆ ಅಚ್ಚು ಹಾಕಿಸಿ, ಅವನನ್ನು ಕಾಲೇಜಿಗೆ ಸೇರಿಸಿಕೊಂಡರಂತೆ. ನಾನು ಪಕ್ಕದ ತರಗತಿಯಲ್ಲಿ ಪಾಠ ಮಾಡುವಾಗ ಈ ಕಥೆ ಗೋಡೆಯಾಚೆಯಿಂದ ಕನಿಷ್ಠ ಮೂರು ಸಲ ನನ್ನ ಕಿವಿಗೆ ಬಿದ್ದಿದೆ.

ಆ ತರಗತಿಯಲ್ಲಿ ವಸಂತಪುರದ ಒಬ್ಬ ಹುಡುಗಿ ಇದ್ದಳು. ಅವಳ ಮನೆಯವರದು ಹೂವಿನ ತೋಟ. ನಸುಕಿನಲ್ಲಿ ಎದ್ದು ಮಲ್ಲಿಗೆ ಬಿಡಿಸಿ, ಅವ್ವನ ಜೊತೆ ಕಟ್ಟಿ, ಆಮೇಲೆ ಶಾಲೆಗೆ ಬರುತ್ತಿದ್ದಳು. ಪಾಸಾದರೆ ಟೀಚರ್ಸ್ ಟ್ರೈನಿಂಗಿಗೆ ಕಳಿಸುವುದಾಗಿ, ಇಲ್ಲದಿದ್ದರೆ ಸೋದರಮಾವನಿಗೆ ಕೊಡುವುದಾಗಿ ಮನೆಯಲ್ಲಿ ಮಾತಾಗಿತ್ತು. ಇದು ಮೇಷ್ಟ್ರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಹನ್ನೊಂದೂವರೆಗೆ ಎದ್ದು ಬಂದು ಉತ್ತರ ಪತ್ರಿಕೆ ಕೊಟ್ಟವಳು ಅವಳೇ. ಒಳಗಿನ ಹಾಳೆಗಳು ಖಾಲಿ. ಕೊನೆಯ ಪುಟದಲ್ಲಿ ದುಂಡನೆಯ ಅಕ್ಷರದಲ್ಲಿ ಒಂದು ಕಾಗದ. ಮೊದಲ ಸಾಲುಗಳನ್ನು ಮಾತ್ರ ಓದಿದೆ, ಅದನ್ನಷ್ಟೇ ಹೇಳಬಲ್ಲೆ: "ಮಾನ್ಯ ಪರೀಕ್ಷಕರೇ, ಇದು ಮದುವೆಗಳ ಕಾಲವಾದ್ದರಿಂದ ಹೂವಿನ ಕೆಲಸ ಹೆಚ್ಚಿತ್ತು, ಓದಲು ಆಗಲಿಲ್ಲ. ಹೂವಿನ ಬಗ್ಗೆ ಏನು ಕೇಳಿದರೂ ಬರೆಯಬಲ್ಲೆ."

ಪತ್ರಿಕೆಯನ್ನು ಮುಂದೆ ತಿರುಗಿಸಿದೆ, ಹಿಂದೆ ತಿರುಗಿಸಿದೆ. ಉತ್ತರ ಪತ್ರಿಕೆಗಳ ಕಟ್ಟಿಗೆ ದಾರ ಹಿಡಿದು ಬಾಗಿಲಲ್ಲಿ ನಿಂತಿದ್ದ ಅಟೆಂಡರ್ ನನ್ನ ಮುಖ ನೋಡಿದರು. ಮಕ್ಕಳೊಡನೆ ಮಾತಾಡಕೂಡದೆಂದು ನಿಯಮ. ಮೇಷ್ಟ್ರೇ ಹೀಗೆ ಬರೆಯಲು ಹೇಳಿಕೊಟ್ಟಿರಬಹುದೇ ಎಂಬ ಅನುಮಾನ ಬೇರೆ. ಏನೂ ತೋಚದೆ ಪತ್ರಿಕೆಯನ್ನು ಮೇಜಿನ ಮೇಲಿಟ್ಟೆ. ಅವಳು ಹೋದಳು.

ಕಿಟಕಿಯಿಂದ ನೋಡಿದೆ. ಗೇಟಿನಲ್ಲಿ ಅವಳು ನಗುತ್ತ ಏನೋ ಹೇಳಿದಳು. ಮೇಷ್ಟ್ರು ಕನ್ನಡಕ ತೆಗೆದರು. ಹಾಗೆಯೇ ಮೋರಿ ಕಟ್ಟೆಯ ಮೇಲೆ ಕುಳಿತರು.

ಮಧ್ಯಾಹ್ನ ಅವರು ನನ್ನನ್ನು ಹುಡುಕಿಕೊಂಡು ಬಂದರು.

"ನೀವು ಅಲ್ಲೇ ಇದ್ರಲ್ಲ. ನೋಡಿದ್ರಾ?"

"ನೋಡಿದೆ ಸಾರ್."

"ಕೂತ್ಕೊಂಡು ಬರಿ ಅನ್ಲಿಲ್ವಾ?"

"ನೀವೇ ಹೇಳಿಕೊಟ್ಟಿರಬಹುದು ಅಂದ್ಕೊಂಡೆ ಸಾರ್."

"ನಾನು ಕಥೆ ಹೇಳಿದ್ದೆ ಕಣ್ರೀ," ಎಂದರು. "ಪಾಠ ಹೇಳಿರ್ಲಿಲ್ಲ."

ಫಲಿತಾಂಶ ಬಂದಾಗ ಅವಳು ಉಳಿದೆಲ್ಲ ವಿಷಯಗಳಲ್ಲಿ ಪಾಸಾಗಿದ್ದಳು. ಸೋಷಿಯಲ್ ಸ್ಟಡೀಸಿನಲ್ಲಿ ಸೊನ್ನೆ. "ಏನ್ ಮೇಷ್ಟ್ರೇ, ಚೀನಾದಿಂದ ಗ್ರೇಸ್ ಮಾರ್ಕ್ಸ್ ಇನ್ನೂ ಬಂದಿಲ್ವಾ?" ಎಂದರು ಡ್ರಾಯಿಂಗ್ ಮೇಷ್ಟ್ರು. ಈ ಸಲ ಯಾರೂ ನಗಲಿಲ್ಲ, ಹೇಳಿದವರೂ ನಗಲಿಲ್ಲ.

ಮೇಷ್ಟ್ರು ವಸಂತಪುರಕ್ಕೆ ಹೋಗಿ ಅವಳ ಅಪ್ಪನ ಮುಂದೆ ನಿಂತು, ತಪ್ಪು ನನ್ನದು, ಅಕ್ಟೋಬರ್ ಪರೀಕ್ಷೆಯವರೆಗೆ ಮದುವೆ ಮಾತು ನಿಲ್ಲಿಸಿ ಎಂದು ಕೇಳಿಕೊಂಡರು. ಅಂದಿನಿಂದ ಶಾಲೆ ಬಿಟ್ಟ ಮೇಲೆ ಬಸ್ಸು ಹೋಗುವಷ್ಟು ದೂರ ಬಸ್ಸಿನಲ್ಲಿ, ಉಳಿದದ್ದು ನಡೆದು, ದಿನವೂ ಹೋಗುತ್ತಿದ್ದರು. ಗಣಿತದ ನೆಪ ಹೇಳಿಕೊಂಡು ನಾನೂ ಕೆಲವು ಸಲ ಜೊತೆಗೆ ಹೋದೆ. ಗಣಿತದಲ್ಲಿ ಅವಳು ಪಾಸಾಗಿಯೇ ಇದ್ದಳು. ಮೇಷ್ಟ್ರು ಅದನ್ನು ಎತ್ತಿ ಆಡಲಿಲ್ಲ.

ಅಲ್ಲಿ ಕಂಡದ್ದು ನನಗೆ ಇಂದಿಗೂ ಪೂರ್ತಿ ಅರ್ಥವಾಗಿಲ್ಲ. ಬಾಯಿಪಾಠವೆಂದರೆ ಉರಿದು ಬೀಳುತ್ತಿದ್ದವರು ಜಗಲಿಯ ಮೇಲೆ ಕುಳಿತು ಯುದ್ಧ, ಒಪ್ಪಂದ, ಇಸವಿಗಳನ್ನು ಗಿಳಿಪಾಠ ಹೇಳಿಸುತ್ತಿದ್ದರು. ಅವಳು ಹೂ ಕಟ್ಟುತ್ತಲೇ ಒಪ್ಪಿಸುತ್ತಿದ್ದಳು, ತಪ್ಪಿದರೆ ಮೊದಲಿನಿಂದ. ಅವಳ ಕೈಗೆ ಬಿಡುವು ಸಿಗಲೆಂದು ಮೇಷ್ಟ್ರೇ ದಾರ ಹಿಡಿದು ಹೂ ಕಟ್ಟಲು ನೋಡಿದರು. ಡೊಂಕು ಬೆರಳಿಗೆ ದಾರ ನಿಲ್ಲದೆ ಹೂವೆಲ್ಲ ಮಡಿಲಿಗೆ ಉದುರಿತು.

"ಬುಡಿ ಮೇಷ್ಟ್ರೇ, ಈ ಪರೀಕ್ಸೇಲಿ ನೀವೇ ಫೇಲು," ಎಂದಳು ಅವಳ ಅವ್ವ.

"ಕಾಗದ ಬರೆದುಕೊಡ್ತೀನಮ್ಮ," ಎಂದರು ಮೇಷ್ಟ್ರು. ಹುಡುಗಿ ನಗುವುದೋ ಬೇಡವೋ ತಿಳಿಯದೆ ನನ್ನ ಕಡೆ ನೋಡಿದಳು. ನನಗೂ ತಿಳಿಯಲಿಲ್ಲ.

ಅಕ್ಟೋಬರಿನಲ್ಲಿ ಅವಳು ಪಾಸಾದಳು. ಟ್ರೈನಿಂಗಿಗೂ ಸೇರಿದಳು.

ಎರಡು ವರ್ಷ ಕಳೆದ ಮೇಲೆ ಮೇಷ್ಟ್ರು ಸ್ಟಾಫ್ ರೂಮಿಗೆ ಎರಡು ಚೀನೀ ಪತ್ರಿಕೆ ತಂದು ನನ್ನ ಮೇಜಿನ ಮೇಲೆ ಹರಡಿದರು. ಹಳೆಯದರಲ್ಲಿ ಖಾಲಿ ಪತ್ರಿಕೆಯ ಯುವಕ ವೀರ. ಹೊಸದರಲ್ಲಿ ಅದೇ ಯುವಕ ದೇಶ ಹಾಳುಮಾಡಿದವರ ಕೈಗೊಂಬೆ. ಹನ್ನೊಂದು ವರ್ಷದ ಮೇಲೆ ಅಲ್ಲಿ ಯಾರು ಬೇಕಾದರೂ ಬರೆಯಬಹುದಾದ ಕಾಲೇಜು ಪ್ರವೇಶ ಪರೀಕ್ಷೆ ಮತ್ತೆ ಬಂದಿತ್ತು. ಹೊಲಗಳಿಂದ, ಕಾರ್ಖಾನೆಗಳಿಂದ ಲಕ್ಷಾಂತರ ಜನ ಬರೆಯಲು ಬಂದಿದ್ದರು. ಚಿತ್ರಗಳಲ್ಲಿ ಆ ಜನರ ಮುಖದ ಮೇಲೆ ಸಂತೋಷ ಇತ್ತು. ಮೇಷ್ಟ್ರನ್ನು ಕಲಕಿದ್ದು ಆ ಸಂತೋಷ.

"ನಾನು ಮಕ್ಕಳಿಗೆ ಆ ಕಥೆ ಹೇಳ್ತಿದ್ದಾಗಲೇ ಅಲ್ಲಿ ಅದು ತಿರುಗಿ ಬಿದ್ದಿತ್ತು ಕಣ್ರೀ. ರದ್ದಿ ಅಂಗಡಿಗೆ ಬಂದಿರ್ಲಿಲ್ಲ, ಅಷ್ಟೆ." ಡೊಂಕು ಬೆರಳಿನಿಂದ ಎರಡೂ ಪತ್ರಿಕೆಗಳನ್ನು ಅಂಚಿಗೆ ಅಂಚು ಕೂಡಿಸಿದರು. "ಪರೀಕ್ಷೆ ಬೇಕು ಅಂದ್ರು, ಬೇಡ ಅಂದ್ರು, ಮತ್ತೆ ಬೇಕು, ಮತ್ತೆ ಬೇಡ, ಈಗ ಬೇಕು. ಒಂದು ದೇಶ ಉತ್ತರಾನ ಎಷ್ಟು ಸಲ ಬೇಕಾದ್ರೂ ಒರೆಸಿ ಬರೀಬಹುದು. ಹುಡುಗಿ ಒಂದ್ಸಲ ಖಾಲಿ ಬಿಟ್ರೆ ಫೇಲು."

ಎಂಬತ್ತರ ದಶಕದಲ್ಲಿ ಇನ್ನಷ್ಟು ಸುದ್ದಿ ಬಂತು. ಕಾಲೇಜಿನ ಪರೀಕ್ಷೆ ನಿಲ್ಲಿಸಿದ ಆ ಗಲಾಟೆಯ ವರ್ಷಗಳಲ್ಲಿ ಅಲ್ಲಿಯ ಮಕ್ಕಳು ತಮ್ಮ ಮೇಷ್ಟ್ರುಗಳ ತಲೆಗೆ ಕಾಗದದ ಟೋಪಿ ಹಾಕಿ ಮೆರವಣಿಗೆ ಮಾಡಿದ್ದರು, ಹೊಡೆದಿದ್ದರು, ಕೊಂದೂ ಇದ್ದರು. ಅದನ್ನು ಓದಿದ ದಿನ ಅವರು ಊಟ ಮಾಡಲಿಲ್ಲ. "ನನ್ನ ಬೆರಳು ಮುರಿದವರು ಮೇಷ್ಟ್ರು. ಅಲ್ಲಿ ಮೇಷ್ಟ್ರ ಕೈ ಮುರಿದವರು ಮಕ್ಕಳು. ನಾನು ಯಾರ ಕಡೆ ಅಂತ ನನಗೇ ಗೊತ್ತಾಗ್ತಿಲ್ಲ ಕಣ್ರೀ," ಎಂದರು. ಆದರೂ ಯಾರಾದರೂ ಚೀನಾ ಮೇಷ್ಟ್ರೇ ಎಂದು ಕರೆದರೆ ನಿವೃತ್ತರಾಗುವವರೆಗೂ ಓಗೊಡುತ್ತಿದ್ದರು.

ಆ ದಶಕ ಮುಗಿಯುವ ಮೊದಲೇ ಕುಮಾರಸ್ವಾಮಿ ಲೇಔಟಿನ ಮನೆಯಲ್ಲಿ ತೀರಿಕೊಂಡರು. ಅಂಗಳದಲ್ಲಿ ಮಲಗಿಸಿದ್ದರು. ವಸಂತಪುರದ ಹುಡುಗಿ ಬಂದಿದ್ದಳು, ಆಗಲೇ ಟೀಚರ್. ತಾನೇ ಕಟ್ಟಿದ ಮಲ್ಲಿಗೆಯನ್ನು ಅವರ ಮೇಲಿಟ್ಟು ನನ್ನ ಪಕ್ಕ ಬಂದು ನಿಂತಳು.

"ಸಾರ್, ಅವತ್ತು ನೀವು ನನ್ನ ಪೇಪರನ್ನ ಎರಡು ಸಲ ತಿರುಗಿಸಿ ನೋಡಿದ್ರಿ."

"ಹೌದಮ್ಮ."

"ಏನಾದ್ರೂ ಅಂತೀರ ಅಂತ ಕಾದೆ."

ಆಮೇಲೆ ಕೆಲಸದಲ್ಲಿದ್ದಷ್ಟು ವರ್ಷವೂ, ಖಾಲಿ ಪತ್ರಿಕೆ ಹಿಡಿದು ಎದ್ದು ಬಂದ ಪ್ರತಿ ಮಗುವಿಗೂ ನಿಯಮ ಮುರಿದು "ಇನ್ನೂ ಟೈಮಿದೆ, ಕೂತ್ಕೋ" ಎಂದಿದ್ದೇನೆ. ಕೆಲವರು ಕುಳಿತರು, ಕೆಲವರು ಕೂರಲಿಲ್ಲ. ಅದು ಸರಿಯೋ ತಪ್ಪೋ ಎಂದು ಯಾರನ್ನು ಕೇಳಬೇಕಿತ್ತೋ ಆ ಮೇಷ್ಟ್ರು ಈಗ ಇಲ್ಲ.

ಆ ಹನ್ನೊಂದೂವರೆಯ ಪತ್ರಿಕೆಯನ್ನು ಕಂಡವರಲ್ಲಿ ಈಗ ಉಳಿದಿರುವವರು ಮೂವರು. ಬಾಗಿಲಲ್ಲಿ ದಾರ ಹಿಡಿದು ನಿಂತಿದ್ದ ಅಟೆಂಡರ್, ಇಲ್ಲೇ ಬೆಂಗಳೂರಿನ ಶ್ರೀನಗರದಲ್ಲಿ ಮಗಳ ಮನೆಯಲ್ಲಿದ್ದಾರೆ. ಬರೆದವಳು, ವಸಂತಪುರದಲ್ಲೇ ಇದ್ದಾಳೆ. ಮತ್ತೆ ನಾನು.