ವಿಭೂತಿ ಡಬ್ಬಿಯಲ್ಲಿ ಸಮುದ್ರ

ಆರ್‌ಪಿಸಿ ಲೇಔಟಿನ ನನ್ನ ತವರುಮನೆಯ ದೇವರ ಗೂಡಿನಲ್ಲಿ ಮುಚ್ಚಳ ಸರಿಯಾಗಿ ಕೂರದ ಒಂದು ಹಿತ್ತಾಳೆ ಡಬ್ಬಿಯಿದೆ. ಅದರೊಳಗಿನ ವಿಭೂತಿ ಗಟ್ಟಿ, ಸ್ನಾನವಾದವರೆಲ್ಲ ಒದ್ದೆ ಬೆರಳಿನಿಂದ ಉಜ್ಜಿ ಉಜ್ಜಿ, ಸದಾ ನಡುವೆ ತಗ್ಗಾಗಿರುತ್ತದೆ. ನೀವು ಬಂದರೆ ಕಾಫಿಗಿಂತ ಮೊದಲು ನಿಮ್ಮ ಮುಂದೆ ಬರುವುದು ಅದೇ.

ನನ್ನ ಕಸುಬು ಕೆಸರು ಓದುವುದು, ನಗಬೇಡಿ. ಕಳೆದ ವರ್ಷ ಹಿಂದೂ ಮಹಾಸಾಗರದ ನಡುವೆ, ಕಡಲತಳಕ್ಕೆ ಉದ್ದನೆಯ ಕೊಳವೆಗಳನ್ನಿಳಿಸಿ, ಯುಗಯುಗಗಳಿಂದ ಪದರಪದರವಾಗಿ ಕೂತ ಕೆಸರನ್ನು ಮೇಲೆತ್ತಿ, ಅದರಲ್ಲಿನ ಸೂಕ್ಷ್ಮ ಜೀವಿಗಳ ಚಿಪ್ಪುಗಳಿಂದ ಹಳೆಯ ಸಮುದ್ರದ ಬಿಸಿ-ತಂಪುಗಳನ್ನು ತಿಳಿಯುವ ಹಡಗಿನಲ್ಲಿ ನಾನೂ ಇದ್ದೆ. ಕೊಳವೆಯ ಕೆಸರಿನಲ್ಲಿ ಕೆಳಗೆಲ್ಲ ಆ ಚಿಪ್ಪುಗಳ ಹಾಲಿನಂಥ ಬಿಳುಪು. ಅದರ ಮೇಲೆ ಇದ್ದಕ್ಕಿದ್ದಂತೆ ಒಂದು ಕಂದು ಪಟ್ಟಿ. ಸುಮಾರು ಐದೂವರೆ ಕೋಟಿ ವರ್ಷಗಳ ಹಿಂದೆ ಗಾಳಿಯಲ್ಲಿ ಇಂಗಾಲ ಏರಿ, ಕಡಲು ಕಾದು ಹುಳಿಯಾಗಿ, ಚಿಪ್ಪುಗಳೆಲ್ಲ ಕರಗಿಹೋದ ಕಾಲವದು. ಅಂದು ಸಾವಿರಾರು ವರ್ಷ ಹಿಡಿದದ್ದನ್ನು ನಾವು ಅಜ್ಜ-ಮೊಮ್ಮಕ್ಕಳ ಅಂತರದಲ್ಲಿ ಮುಗಿಸುತ್ತಿದ್ದೇವೆ. ಆ ಪಟ್ಟಿಯ ತುಸು ಕೆಳಗಿನಿಂದ ಉದುರಿದ, ಕೆಲಸಕ್ಕೆ ಬಾರದ ಒಂದು ಬಿಳಿ ಚೂರನ್ನು ತಂಡದ ಮುಖ್ಯಸ್ಥರನ್ನು ಕೇಳಿ ಒಣಗಿಸಿಟ್ಟುಕೊಂಡೆ. ಬಾಣಂತನಕ್ಕೆಂದು ತವರಿಗೆ ಬರುವಾಗ ಅದೂ ಜೊತೆಗೆ ಬಂತು.

ಈಗ ನನಗೆ ಎಂಟು ತಿಂಗಳು. ಗರ್ಭದಲ್ಲಿರುವ ಕೂಸಿಗೇ ಲಿಂಗಧಾರಣೆ ಮಾಡಿಸುವುದು ನಮ್ಮ ಮನೆಯ ಪದ್ಧತಿ. ಮೊನ್ನೆ ಅಯ್ಯನವರು ಬಂದು ನನ್ನನ್ನು ಮಣೆಯ ಮೇಲೆ ಕೂರಿಸಿದಾಗ ಎಲ್ಲರೂ ನಗುನಗುತ್ತಿದ್ದರು. ನನಗೆ ಮಾತ್ರ ಹೆದರಿಕೆ. ಎಲ್ಲಾ ಗೊತ್ತಿದ್ದೂ ಈ ಬಿಸಿಯೇರುತ್ತಿರುವ ಲೋಕಕ್ಕೆ ನನ್ನನ್ನು ಯಾಕೆ ಕರೆದೆ ಎಂದು ಈ ಕೂಸು ಮುಂದೆ ಕೇಳಿದರೆ? ಅಷ್ಟರಲ್ಲಿ ಅಮ್ಮ ಮೂರು ಬೆರಳಲ್ಲಿ ನನ್ನ ಹಣೆಗೆ, ಆಮೇಲೆ ಹೊಟ್ಟೆಗೆ ವಿಭೂತಿ ಎಳೆದಳು. ಅದು ಎಂದಿಗಿಂತ ನುಣುಪಾಗಿತ್ತು.

“ಡಬ್ಬೀಲಿದ್ದಿದ್ದು ಸವೆದೋಗಿತ್ತು ಕಣೇ. ನಿನ್ ಟೇಬಲ್ ಮೇಲೊಂದು ಗಟ್ಟಿ ಇತ್ತಲ್ಲ, ಅದನ್ನೇ ತಗೊಂಡೆ. ಎಷ್ಟ್ ಚೆನ್ನಾಗಿದೆ! ಯಾವ ಮಠದ್ದೇ?”

ಅಯ್ಯನವರ ಮಂತ್ರ ನಡೆದಿತ್ತು. “ತುಂಬಾ ದೂರದ್ದಮ್ಮ,” ಎಂದಷ್ಟೇ ಹೇಳಿದೆ. ತಮ್ಮ ಮೇಲೆ ಎಂಥ ಪಟ್ಟಿ ಬೀಳಲಿದೆ ಎಂದರಿಯದೆ ತೇಲಿಕೊಂಡಿದ್ದ ಜೀವಿಗಳು ಈಗ ನನ್ನ ಹೊಟ್ಟೆಯ ಮೇಲೆ ಮೂರು ಗೆರೆಯಾಗಿದ್ದವು. ಅವಕ್ಕೆ ಗೊತ್ತಿರಲಿಲ್ಲ, ನನಗೆ ಗೊತ್ತಿದೆ. ಗೊತ್ತಿದ್ದು ನಾನು ಮಾಡಿದ್ದಾದರೂ ಏನು?

ಹಿತ್ತಾಳೆ ಡಬ್ಬಿಯಲ್ಲಿ ಈಗ ಅದೇ ಗಟ್ಟಿಯಿದೆ. ಅಪ್ಪ ಅದನ್ನೇ ಹಚ್ಚಿಕೊಂಡು ವಾಕಿಂಗ್ ಹೋಗುತ್ತಾರೆ, ನಾನೂ ಹಚ್ಚಿಕೊಳ್ಳುತ್ತೇನೆ. ಆಗಲೇ ನಡುವೆ ತಗ್ಗು ಬಿದ್ದಿದೆ. ನಿನ್ನೆ ಅಮ್ಮ ಅದರ ಒಂದು ಮೂಲೆ ಮುರಿದು ಹತ್ತಿಯಲ್ಲಿ ಸುತ್ತುತ್ತಿದ್ದಳು. ಏನಮ್ಮ ಅದು ಎಂದೆ.

“ಮಗೂಗೆ ಕಣೇ. ಎಲ್ಲಾ ನಾವೇ ಖಾಲಿ ಮಾಡ್ಬಿಟ್ರೆ ಅದಕ್ಕೇನು ಉಳಿಯತ್ತೆ?”

ನಾನು ಬಚ್ಚಲಿಗೆ ಹೋಗಿ, ನಲ್ಲಿ ಬಿಟ್ಟುಕೊಂಡು ಅತ್ತೆ.